ಬೋರ್‌ವೆಲ್ಲಿನೊಳಗೆ ಬಿರುಕಿನ ಸದ್ದು

ನಮ್ಮ ಕೋಲಾರ ಜಿಲ್ಲೆಯ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಬಂಡೆ. ಈ ಕಲ್ಲಿನ ಒಂದು ತುಂಡನ್ನು ವಾರವಿಡೀ ಬಕೆಟ್ ನೀರಿನಲ್ಲಿ ನೆನೆಹಾಕಿ ತೂಗಿದರೂ ತೂಕ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇಟ್ಟಿಗೆ ನೀರು ಕುಡಿಯುತ್ತದೆ, ಮರಳುಗಲ್ಲು ಕುಡಿಯುತ್ತದೆ, ಗ್ರಾನೈಟ್ ಕುಡಿಯುವುದಿಲ್ಲ. ಆದರೂ ಇದೇ ಬಂಡೆಗೆ ಆರೂವರೆ ಇಂಚಿನ ತೂತು ಕೊರೆದು ನಮ್ಮ ಊರುಗಳೆಲ್ಲ ನೀರು ಎತ್ತುತ್ತಿವೆ. ಆ ನೀರು ಇರುವುದು ಕಲ್ಲಿನ ಬಿರುಕುಗಳಲ್ಲಿ. ಬೋರ್‌ವೆಲ್ ಕೊರೆಯುವವರು ಅದಕ್ಕೆ ‘ಗ್ಯಾಪ್’ ಎನ್ನುತ್ತಾರೆ, ರೈತರು ‘ಸೆಲೆ’ ಎನ್ನುತ್ತಾರೆ. ಉರ್ದುವಿನಲ್ಲಿ ‘ಸೋತಾ’ ಎಂಬ ಮಾತಿದೆ. ಕನ್ನಡದಲ್ಲಿ ‘ಸೋತ’ ಅಂದರೆ ಬೇರೆಯೇ ಅರ್ಥ. ಬೋರ್‌ವೆಲ್ ವಿಷಯದಲ್ಲಿ ಎರಡು ಭಾಷೆಯ ಅರ್ಥಗಳೂ ಅಕ್ಕಪಕ್ಕದಲ್ಲೇ ಇವೆ ಎಂದು ನಮ್ಮ ಚಾಚಾ ನಗುತ್ತಾರೆ.

ಚಾಚಾ ನಗುವುದಕ್ಕೆ ಕಾರಣವಿದೆ. ಅವರ ಹೊಲದಲ್ಲಿ ಮೂರು ಬೋರ್‌ವೆಲ್ ಕೊರೆಸಿದರು. ಮೊದಲ ಎರಡರಲ್ಲಿ ಬರೀ ಧೂಳು. ಮೂರನೆಯದರಲ್ಲಿ ಎರಡು ಇಂಚು ನೀರು ಬಂತು. ಖಾಲಿ ಹೋದ ಎರಡಕ್ಕೇ 2 ಲಕ್ಷ ದಾಟಿದ ಖರ್ಚು, ಅದರಲ್ಲಿ ಹೆಚ್ಚಿನದು ಸಾಲ. ಆ ವರ್ಷ ಬಿ.ಎಡ್. ಸೇರಬೇಕಿದ್ದ ಆಪಾ ಮರುವರ್ಷ ಸೇರಿದರು. ಮೂರನೆಯ ಬೋರ್ ಎರಡನೆಯದಕ್ಕಿಂತ ಹತ್ತು ಮೀಟರ್ ದೂರದಲ್ಲಿದೆ, ಅಷ್ಟೇ. “ಬೇಟಾ, ಹೊಲ ಒಂದೇ, ಕಲ್ಲು ಒಂದೇ, ಅಲ್ಲಿ ಇಲ್ಲದ ನೀರು ಇಲ್ಲಿ ಹೇಗೆ ಬಂತು?” ಎಂದು ಚಾಚಾ ಕೇಳಿದರು. ನಾನು ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ. ಭೌತಶಾಸ್ತ್ರದ ಸರ್ ಹತ್ತಿರ ಕೂತು, ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ನೀರನ್ನು ತನ್ನ ಮೂಲಕ ಹಾಯಲು ಬಿಡುವ ಗುಣಕ್ಕೆ ಪರ್ಮಿಯಬಿಲಿಟಿ ಎನ್ನುತ್ತಾರೆ. ಬಿರುಕಿನ ವಿಷಯದಲ್ಲಿ ಈ ಗುಣ ಬಿರುಕಿನ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಅವಲಂಬಿಸುತ್ತದೆ, ಅದೂ ಘನದ ಲೆಕ್ಕದಲ್ಲಿ. ಬಾಯಿ ಎರಡರಷ್ಟಾದರೆ ಹರಿವು ಎಂಟರಷ್ಟು, ಹತ್ತರಷ್ಟಾದರೆ ಸಾವಿರದಷ್ಟು. ಒಂದು ಮೀಟರ್ ಅಗಲದ ನಯವಾದ ಬಿರುಕು, ನೂರು ಮೀಟರಿಗೆ ಒಂದು ಮೀಟರ್ ನೀರಿನ ಇಳಿಜಾರು ಎಂದು ಇಟ್ಟುಕೊಳ್ಳಿ. ಬಾಯಿ 0.1 ಮಿಲಿಮೀಟರ್ ಇದ್ದರೆ ದಿನಕ್ಕೆ ಹರಿಯುವ ನೀರು ಮುಕ್ಕಾಲು ಲೀಟರೂ ಇಲ್ಲ. 1 ಮಿಲಿಮೀಟರ್ ಇದ್ದರೆ ಸುಮಾರು 700 ಲೀಟರ್. 2 ಮಿಲಿಮೀಟರ್ ಇದ್ದರೆ 5,600 ಲೀಟರ್. ನಿಜವಾದ ಬಿರುಕು ಒರಟಾಗಿರುತ್ತದೆ, ಮಣ್ಣು ಸೇರಿರುತ್ತದೆ, ಹಾಗಾಗಿ ಇಷ್ಟು ಬರುವುದಿಲ್ಲ. ಆದರೆ ಅನುಪಾತ ನೋಡಿ. ಚಕ್ರಬಡ್ಡಿ ನೋಡಿ ಬೆಚ್ಚಿಬಿದ್ದವರಿಗೆ ಇದು ಅದಕ್ಕಿಂತ ಜೋರು. ಹತ್ತು ಮೀಟರ್ ಅಂತರದಲ್ಲಿ ಒಂದೇ ಬಿರುಕಿನ ಬಾಯಿ ಒಂದು ಮಿಲಿಮೀಟರಿನಿಂದ ಕೂದಲೆಳೆಯಷ್ಟಕ್ಕೆ ಇಳಿದಿದ್ದರೂ ಸಾಕು, ಒಂದು ಬೋರ್ ಎರಡು ಇಂಚು ಕೊಡುತ್ತದೆ, ಪಕ್ಕದ್ದು ಧೂಳು ಉಗುಳುತ್ತದೆ. ಓರೆಯಾಗಿ ಇಳಿಯುವ ಬಿರುಕಾದರೆ ಒಂದು ತೂತಿಗೆ ಸಿಕ್ಕಿ ಇನ್ನೊಂದಕ್ಕೆ ಸಿಗದೇ ಹೋಗುವುದೂ ಉಂಟು.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಎರಡು. ಬಿರುಕು ಎಲ್ಲಿದೆ? ಅದರ ಬಾಯಿ ತೆರೆದಿದೆಯೇ? ಮೊದಲನೆಯದಕ್ಕೆ ಬೋರ್‌ವೆಲ್ಲಿಗೆ ಕ್ಯಾಮೆರಾ ಇಳಿಸಿದರೆ ಉತ್ತರ ಸಿಗಬಹುದು. ಎರಡನೆಯದಕ್ಕೆ ಕ್ಯಾಮೆರಾ ಸಾಲದು. ಗೋಡೆಯ ಮೇಲೆ ಕಾಣುವ ಗೆರೆ ಒಂದು ಅಡಿ ಒಳಗೆ ಹೋಗುವಷ್ಟರಲ್ಲಿ ಮುಚ್ಚಿಹೋಗಿರಬಹುದು. ನಮ್ಮ ಮನೆ ಗೋಡೆಯ ಪ್ಲಾಸ್ಟರ್ ಬಿರುಕಿನ ಹಾಗೆ.

ಇದೇ ಎರಡನೆಯ ಪ್ರಶ್ನೆ ಕೆನಡಾದ ವಿಜ್ಞಾನಿಗಳಿಗೂ ಎದುರಾಗಿತ್ತು, ಆದರೆ ತದ್ವಿರುದ್ಧ ಕಾರಣಕ್ಕೆ. ಅಣು ವಿದ್ಯುತ್ ಸ್ಥಾವರಗಳ ತ್ಯಾಜ್ಯವನ್ನು ಗ್ರಾನೈಟಿನ ಆಳದಲ್ಲಿ ಹೂಳುವ ಯೋಚನೆ ಆ ದೇಶದಲ್ಲಿ ನಡೆದಿತ್ತು. ಅದಕ್ಕೆ ನೀರು ಹಾಯದ ಬಂಡೆ ಬೇಕು. ಮನಿಟೋಬ ಪ್ರಾಂತದ ಲಾಕ್ ದು ಬಾನೆ ಎಂಬಲ್ಲಿ ಗ್ರಾನೈಟ್ ಕೊರೆದು 420 ಮೀಟರ್ ಆಳದಲ್ಲಿ ಪ್ರಯೋಗಶಾಲೆಯನ್ನೇ ಕಟ್ಟಿದರು. ನಮಗೆ ಬಿರುಕು ಸಿಗದಿದ್ದರೆ ನಷ್ಟ, ಅವರಿಗೆ ಸಿಕ್ಕಿದರೆ ನಷ್ಟ. ಇಬ್ಬರಿಗೂ ಬೇಕಾದ ಪರೀಕ್ಷೆ ಒಂದೇ. 1981ರಲ್ಲಿ ಕೆನಡಾದ ಭೂಗರ್ಭ ಸಮೀಕ್ಷೆಯ ಹುವಾಂಗ್ ಮತ್ತು ಹಂಟರ್ ಎಂಬ ಇಬ್ಬರು ಒಂದು ವರದಿ ಪ್ರಕಟಿಸಿದರು. ನೀರು ತುಂಬಿದ ಕೊಳವೆಬಾವಿಯಲ್ಲಿ ಕಂಪನ ದಾಖಲಿಸುವಾಗ ಬರುವ ಒಂದು ಬಗೆಯ ಅಲೆ, ಬಾಯಿ ತೆರೆದ ಬಿರುಕುಗಳ ಜಾಗದಿಂದಲೇ ಹುಟ್ಟುತ್ತದೆ ಎಂಬುದು ಅದರ ಸಾರ.

ಆ ಅಲೆಯ ಹೆಸರು ಟ್ಯೂಬ್ ತರಂಗ. ಅದು ಹುಟ್ಟುವ ಬಗೆ ತಿಳಿಯಲು ಲ್ಯಾಬ್ ಬೇಡ, ಮಳೆಗಾಲದಲ್ಲಿ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಫುಟ್‌ಪಾತ್ ಸಾಕು. ಅಲುಗಾಡುವ ಚಪ್ಪಡಿ ಕಲ್ಲಿನ ಮೇಲೆ ಕಾಲಿಟ್ಟರೆ ಅಂಚಿನಿಂದ ಕೆಸರು ನೀರು ಚಿಮ್ಮಿ ಯೂನಿಫಾರ್ಮ್ ಹಾಳಾಗುತ್ತದೆ. ಕಲ್ಲಿನ ಕೆಳಗೆ ಸಂದು ಇದ್ದು, ಸಂದಿನಲ್ಲಿ ನೀರಿದ್ದರೆ ಮಾತ್ರ ಚಿಮ್ಮುತ್ತದೆ. ಗಟ್ಟಿಯಾಗಿ ಕೂತ ಚಪ್ಪಡಿಯಿಂದ ಏನೂ ಬರುವುದಿಲ್ಲ. ಚಿಮ್ಮಿದ ನೀರು ಎಷ್ಟು ಎಂಬುದರಿಂದ ಸಂದು ಎಷ್ಟಿದೆ ಎಂದು ಅಂದಾಜು ಮಾಡಬಹುದು.

ಬೋರ್‌ವೆಲ್ಲಿನಲ್ಲಿ ನಡೆಯುವುದೂ ಇದೇ. ಬಾವಿಯ ಬಾಯಿಯಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಒಂದು ಉಕ್ಕಿನ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಆಳ ಹೆಚ್ಚಿದ್ದರೆ ಭಾರವಾದ ತೂಕ ಬೀಳಿಸುತ್ತಾರೆ ಅಥವಾ ಸಣ್ಣ ಸಿಡಿಮದ್ದು ಬಳಸುತ್ತಾರೆ. ಹೊಡೆತದಿಂದ ಹೊರಟ ಒತ್ತಡದ ಅಲೆ, ಅಂದರೆ ಪಿ ತರಂಗ, ಗ್ರಾನೈಟಿನಲ್ಲಿ ಸೆಕೆಂಡಿಗೆ ಐದರಿಂದ ಆರು ಕಿಲೋಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ದಾರಿಯಲ್ಲಿ ನೀರು ತುಂಬಿದ ಬಿರುಕು ಸಿಕ್ಕಿದರೆ ಅದನ್ನು ಒಂದು ಕ್ಷಣ ಹಿಸುಕುತ್ತದೆ. ಹಿಸುಕಿದ ನೀರು ಪಕ್ಕದಲ್ಲಿರುವ ಬೋರ್‌ವೆಲ್ಲಿಗೆ ನುಗ್ಗುತ್ತದೆ. ನುಗ್ಗುವ ನೀರಿನ ಪ್ರಮಾಣ ಕಣ್ಣಿಗೆ ಕಾಣುವಷ್ಟಿರುವುದಿಲ್ಲ, ಆದರೆ ಬಾವಿಯ ನೀರಿನಲ್ಲಿ ಒಂದು ಒತ್ತಡದ ತಟ್ಟನ್ನು ಎಬ್ಬಿಸಲು ಅದು ಸಾಕು. ಆ ತಟ್ಟು ಬಾವಿಯ ಉದ್ದಕ್ಕೂ ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಇದೇ ಟ್ಯೂಬ್ ತರಂಗ. ನೀರಿನ ಕಂಬದಲ್ಲಿ ಓಡುವುದರಿಂದ ಇದರ ವೇಗ ಕಡಿಮೆ. ನೀರಿನಲ್ಲಿ ಶಬ್ದದ ವೇಗಕ್ಕಿಂತ ತುಸು ಕಡಿಮೆ, ಗ್ರಾನೈಟ್ ಗೋಡೆಯ ಬಾವಿಯಲ್ಲಿ ಸೆಕೆಂಡಿಗೆ ಸುಮಾರು 1,430 ಮೀಟರ್.

ಇದನ್ನು ಕೇಳಿಸಿಕೊಳ್ಳುವುದು ಹೈಡ್ರೋಫೋನ್ ಎಂಬ ಸಾಧನ, ನೀರೊಳಗಿನ ಮೈಕ್ ಅನ್ನಿ. ಒಂದು ಕೇಬಲಿಗೆ ಮೀಟರಿಗೊಂದರಂತೆ ಹೈಡ್ರೋಫೋನ್ ಪೋಣಿಸಿ ಬಾವಿಗೆ ಇಳಿಬಿಡುತ್ತಾರೆ. ಪ್ರತಿಯೊಂದೂ ಯಾವ ಕ್ಷಣದಲ್ಲಿ ಏನು ಕೇಳಿತು ಎಂಬುದನ್ನು ಸಾಲಾಗಿ ಬರೆದಿಟ್ಟರೆ ಒಂದು ಚಿತ್ರ ಬರುತ್ತದೆ. ಮೇಲಿನಿಂದ ಕೆಳಕ್ಕೆ ಆಳ, ಎಡದಿಂದ ಬಲಕ್ಕೆ ಸಮಯ. ಪಿ ತರಂಗ ಕಡಿದಾದ ಒಂದು ಗೆರೆಯಾಗಿ ಕಾಣುತ್ತದೆ. ಬಿರುಕಿರುವ ಆಳದಲ್ಲಿ ಆ ಗೆರೆಯಿಂದ ಎರಡು ಕೈಗಳು ಬಲಕ್ಕೆ ಚಾಚುತ್ತವೆ, ಗಣಿತದ ‘ಇದಕ್ಕಿಂತ ಕಡಿಮೆ’ ಚಿಹ್ನೆಯ ಹಾಗೆ. ಚಿಹ್ನೆಯ ಮೊನೆ ಎಲ್ಲಿದೆಯೋ ಅಲ್ಲೇ ಬಿರುಕು.

ಸಂಖ್ಯೆಯಲ್ಲಿ ನೋಡೋಣ. ಬಿರುಕು 60 ಮೀಟರ್ ಆಳದಲ್ಲಿದೆ, ಪಿ ತರಂಗದ ವೇಗ ಸೆಕೆಂಡಿಗೆ 5,500 ಮೀಟರ್ ಎಂದುಕೊಳ್ಳಿ. 30 ಮೀಟರ್ ಆಳದ ಹೈಡ್ರೋಫೋನಿಗೆ ಪಿ ತರಂಗ ಸುಮಾರು 5.5 ಮಿಲಿಸೆಕೆಂಡಿನಲ್ಲೇ ಮುಟ್ಟುತ್ತದೆ. ಅದೇ ಅಲೆ ಮುಂದೆ ಹೋಗಿ 11 ಮಿಲಿಸೆಕೆಂಡಿಗೆ ಬಿರುಕನ್ನು ಹಿಸುಕುತ್ತದೆ. ಅಲ್ಲಿಂದ ಹುಟ್ಟಿದ ಟ್ಯೂಬ್ ತರಂಗ 30 ಮೀಟರ್ ಮೇಲೆ ಬರಲು ಇನ್ನೂ 21 ಮಿಲಿಸೆಕೆಂಡ್ ಬೇಕು. ಹಾಗಾಗಿ ಆ ಹೈಡ್ರೋಫೋನ್ 32ನೇ ಮಿಲಿಸೆಕೆಂಡಿಗೆ ಎರಡನೆಯ ಸದ್ದು ಕೇಳುತ್ತದೆ. ಎರಡು ಸದ್ದುಗಳ ನಡುವಿನ ಬಿಡುವು ಬಿರುಕಿನ ವಿಳಾಸ ಹೇಳುತ್ತದೆ. ಬಿರುಕಿನ ಬಾಯಿ ಎಷ್ಟು ತೆರೆದಿದೆ ಎಂದು ಹೇಳುವುದು ಎರಡನೆಯ ಸದ್ದಿನ ಜೋರು.

ಆ ಜೋರನ್ನು ಪರ್ಮಿಯಬಿಲಿಟಿಯಾಗಿ ಬದಲಿಸುವ ಸೂತ್ರವನ್ನು 1985ರಲ್ಲಿ ಪ್ರಕಟಿಸಿದವರು ಅಮೆರಿಕದ ಎಂ.ಐ.ಟಿ.ಯ ಬೈದೂನ್, ಚೆಂಗ್ ಮತ್ತು ತೊಕ್ಸೋಜ್. ತೊಕ್ಸೋಜ್ ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಭೂಕಂಪ ವಿಜ್ಞಾನಿ. ಟ್ಯೂಬ್ ತರಂಗದ ಬಲವನ್ನು ಅದೇ ಆಳದ ಪಿ ತರಂಗದ ಬಲದಿಂದ ಭಾಗಿಸುವುದು ಅವರ ಉಪಾಯ. ಭಾಗಿಸುವುದರಿಂದ ಸುತ್ತಿಗೆ ಏಟು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ಎಂಬುದು ಲೆಕ್ಕದಿಂದ ಹೊರಟುಹೋಗುತ್ತದೆ. ಅಕೌಂಟೆನ್ಸಿಯಲ್ಲಿ ದೊಡ್ಡ ಅಂಗಡಿಯನ್ನೂ ಸಣ್ಣ ಅಂಗಡಿಯನ್ನೂ ಹೋಲಿಸಲು ನಾವು ಲಾಭವನ್ನು ಮಾರಾಟದಿಂದ ಭಾಗಿಸುತ್ತೇವಲ್ಲ, ಅದೇ ಜಾಣತನ. 1987ರಲ್ಲಿ ಇದೇ ಎಂ.ಐ.ಟಿ. ತಂಡದವರು ಅಮೆರಿಕದ ಭೂಗರ್ಭ ಸಮೀಕ್ಷೆಯವರ ಜೊತೆ ಸೇರಿ ನ್ಯೂ ಹ್ಯಾಂಪ್‌ಶೈರ್‌ನ ಮಿರರ್ ಲೇಕ್ ಎಂಬಲ್ಲಿ ಬಿರುಕು ಬಿಟ್ಟ ಗಟ್ಟಿ ಬಂಡೆಯಲ್ಲಿ ಈ ವಿಧಾನವನ್ನು ಪರೀಕ್ಷಿಸಿದ ಲೇಖನ ಬಂತು. ಆ ಜಾಗ ಮುಂದೆ ಬಂಡೆಯ ಬಿರುಕುಗಳಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದರ ದೊಡ್ಡ ಸಂಶೋಧನಾ ಕೇಂದ್ರವಾಯಿತು.

ಇದು ಮೋಸ ಹೋಗುವ ಜಾಗಗಳೂ ಇವೆ. ಟ್ಯೂಬ್ ತರಂಗ ಬಿರುಕಿನಿಂದ ಮಾತ್ರ ಹುಟ್ಟುವುದಿಲ್ಲ. ಕೇಸಿಂಗ್ ಪೈಪ್ ಮುಗಿಯುವ ಕಡೆ, ಕಲ್ಲು ಉದುರಿ ಬಾವಿ ಅಗಲವಾದ ಕಡೆ, ನೀರಿನ ಮಟ್ಟದ ಹತ್ತಿರ, ಹೀಗೆ ಎಲ್ಲೆಲ್ಲಿ ಕೊಳವೆಯ ಆಕಾರ ಬದಲಾಗುತ್ತದೋ ಅಲ್ಲೆಲ್ಲ ಹುಟ್ಟುತ್ತದೆ. ಹಾಗಾಗಿ ಬಾವಿಯ ಅಗಲವನ್ನು ಮೊದಲೇ ಅಳೆದಿರಬೇಕು. ಇನ್ನೊಂದು, ಮೇಲಿನಿಂದ ಬರುವ ಅಲೆ ಅಡ್ಡಲಾಗಿ ಮಲಗಿದ ಬಿರುಕನ್ನು ಚೆನ್ನಾಗಿ ಹಿಸುಕುತ್ತದೆ, ನೆಟ್ಟಗೆ ನಿಂತ ಬಿರುಕನ್ನು ಅಷ್ಟಾಗಿ ಹಿಸುಕುವುದಿಲ್ಲ. ಅದಕ್ಕಾಗಿ ಬಾವಿಯ ಸುತ್ತ ನಾಲ್ಕಾರು ಕಡೆ, ಹತ್ತಿರದಲ್ಲೂ ದೂರದಲ್ಲೂ ಸುತ್ತಿಗೆ ಏಟು ಹಾಕಿ ನೋಡುತ್ತಾರೆ. ಯಾವ ಕಡೆಯ ಏಟಿಗೆ ಸದ್ದು ಜೋರೋ ಅದರಿಂದ ಬಿರುಕು ಯಾವ ಕಡೆಗೆ ಓರೆಯಾಗಿ ಇಳಿದಿದೆ ಎಂಬ ಅಂದಾಜು ಸಿಗುತ್ತದೆ. ನನಗೆ ಈ ವಿಧಾನದಲ್ಲಿ ಅತ್ಯಂತ ಉಪಯುಕ್ತ ಎನಿಸಿದ್ದು ಈ ಭಾಗ. ಒಂದು ಬೋರ್‌ವೆಲ್ ಹೇಳುವ ಓರೆಯ ದಿಕ್ಕು ಮುಂದಿನ ಬೋರ್‌ವೆಲ್ಲಿಗೆ ಪಾಯಿಂಟ್ ಹಾಕಲು ನೆರವಾಗಬಹುದು.

ಮಿತಿಯನ್ನೂ ಹೇಳಬೇಕು. ಇದು ತೂತು ಕೊರೆದ ಮೇಲಿನ ಪರೀಕ್ಷೆ. ಕೊರೆಯುವ ಮೊದಲು ಮಾಡುವುದು ವಿದ್ಯುತ್ ರೆಸಿಸ್ಟಿವಿಟಿ ಪರೀಕ್ಷೆ. ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿದು ಪಾಯಿಂಟ್ ನೋಡುವವರೂ ನಮ್ಮಲ್ಲಿ ಇದ್ದಾರೆ. ಚಾಚಾರ ಮೂರೂ ಪಾಯಿಂಟ್ ತೆಂಗಿನಕಾಯಿಯವೇ, ಮೂರರಲ್ಲಿ ಒಂದು ಗೆದ್ದಿತು. ಗೆದ್ದದ್ದನ್ನು ಊರೆಲ್ಲ ನೆನಪಿಟ್ಟುಕೊಂಡಿದೆ. ಎರಡನೆಯ ಮಿತಿ, ಒಂದು ಸೆಕೆಂಡಿಗೆ ನೂರಾರು ಸಲ ಒಳಗೆ ಹೊರಗೆ ಅಲುಗುವ ನೀರು ಹೆಚ್ಚು ದೂರ ಹೋಗುವುದಿಲ್ಲ. ಬಾವಿಯ ಪಕ್ಕದಲ್ಲಿ ಬಿರುಕು ತೆರೆದಿದೆ ಎಂದು ಟ್ಯೂಬ್ ತರಂಗ ಹೇಳಬಹುದು, ಆ ಬಿರುಕು ಕೆರೆಯವರೆಗೆ ಮುಟ್ಟುತ್ತದೆಯೇ ಎಂದು ಹೇಳಲಾರದು. ಅದಕ್ಕೆ ಗಂಟೆಗಟ್ಟಲೆ ಮೋಟಾರ್ ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ಏರುತ್ತದೆ ಎಂದು ನೋಡಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಯಾರ ಬೋರ್‌ವೆಲ್ ತಲುಪುತ್ತದೆ ಎಂಬುದೂ ಬಿರುಕುಗಳು ಒಂದಕ್ಕೊಂದು ಸೇರಿವೆಯೇ ಎಂಬುದರ ಮೇಲೆ ನಿಂತಿದೆ.

ಹಿಂದಿನ ಕಾಲದ ತೆರೆದ ಬಾವಿಗಳಿಗೆ ಈ ಕಷ್ಟವಿರಲಿಲ್ಲ. ಅವು ಮೇಲಿನ ಮಣ್ಣು ಮತ್ತು ಮೆತ್ತಗಾದ ಕಲ್ಲಿನ ಪದರದ ನೀರನ್ನು ಹಿಡಿಯುತ್ತಿದ್ದವು. ಹಜ್, ಉಮ್ರಾ ಮುಗಿಸಿ ಬಂದವರು ನಮಗೆ ಹಂಚುವ ಝಮ್‌ಝಮ್ ನೀರಿನ ಬಾವಿಯ ರಚನೆಯೂ ಹಾಗೆಯೇ ಇದೆ. ಅದರ ಆಳ ಸುಮಾರು 30 ಮೀಟರ್. ಮೇಲಿನ 13 ಮೀಟರ್ ಚಿಲ್ಲರೆ ಕಣಿವೆಯ ಮರಳು ಮೆಕ್ಕಲು, ಕೆಳಗೆ ಅರ್ಧ ಮೀಟರಿನಷ್ಟು ಮೆತ್ತಗಾದ ಕಲ್ಲು, ಅದರ ಕೆಳಗೆ 17 ಮೀಟರ್ ಗಟ್ಟಿ ಬಂಡೆ. ನಮ್ಮಲ್ಲಿ ಆ ಮೇಲಿನ ಪದರ ಬಹಳ ಕಡೆ ಒಣಗಿದೆ, ಅದಕ್ಕೇ ಗಟ್ಟಿ ಬಂಡೆಗೆ ಇಳಿದಿದ್ದೇವೆ. ನೂರು ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು 27 ಕಿಲೋ. ಆ ಭಾರ ಬಿರುಕುಗಳ ಬಾಯಿ ಮುಚ್ಚುತ್ತದೆ, ಸಾಮಾನ್ಯವಾಗಿ ಆಳ ಹೆಚ್ಚಿದಂತೆ ತೆರೆದ ಬಿರುಕು ವಿರಳವಾಗುತ್ತವೆ. ಸಾವಿರ ಅಡಿಯಲ್ಲಿ ನೀರು ಸಿಕ್ಕವರೂ ನಮ್ಮ ಜಿಲ್ಲೆಯಲ್ಲಿದ್ದಾರೆ, ಹಾಗಾಗಿ ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ಲಾರಿಯವರು “ಇನ್ನೂ ನೂರು ಅಡಿ ಹೋಗೋಣವಾ?” ಎಂದು ಕೇಳುವಾಗ, ಇಷ್ಟು ಖರ್ಚು ಮಾಡಿ ಆಯಿತಲ್ಲ ಎಂಬ ಕಾರಣಕ್ಕೆ ಹೂಂ ಎನ್ನಬಾರದು. ಹೋದ ಹಣ ಹೋಯಿತು. ಕೇಳಬೇಕಾದದ್ದು ಮುಂದಿನ ನೂರು ಅಡಿಯ ದರ ಎಷ್ಟು, ಅಲ್ಲಿ ಬಿರುಕು ಸಿಗುವ ಸಾಧ್ಯತೆ ಎಷ್ಟು ಎಂದು. ಆಳಕ್ಕೆ ಹೋದಂತೆ ದರ ಏರುತ್ತದೆ, ಸಾಧ್ಯತೆ ಇಳಿಯುತ್ತದೆ.

ಹೈಡ್ರೋಫೋನ್ ಸರಪಳಿಯನ್ನು ಒಬ್ಬ ರೈತ ತರಿಸುವುದು ಆಗದ ಮಾತು. ಮೋಟಾರ್ ಮೇಲೆತ್ತಬೇಕು, ಅದಕ್ಕೇ ಕೂಲಿ ಕೊಡಬೇಕು. ನೀರಿಲ್ಲದ ಬಾವಿಯಲ್ಲಂತೂ ಟ್ಯೂಬ್ ತರಂಗವೇ ಹುಟ್ಟುವುದಿಲ್ಲ. ಆದರೆ ಖಾಲಿ ಬೋರ್‌ವೆಲ್ಲಿಗೆ ಇದರ ಬಡ ನೆಂಟನಂಥ ಒಂದು ಪರೀಕ್ಷೆ ಇದೆ. ಆರೂವರೆ ಇಂಚಿನ ತೂತಿಗೆ ಮೀಟರಿಗೆ 21 ಲೀಟರ್ ನೀರು ಹಿಡಿಸುತ್ತದೆ. 600 ಅಡಿ ತುಂಬಲು 4,000 ಲೀಟರಿನ ಒಂದು ಸಣ್ಣ ಟ್ಯಾಂಕರ್ ಸಾಕು. ಶುದ್ಧ ನೀರು ಹಾಕಿ, ದಾರಕ್ಕೆ ಕಲ್ಲು ಕಟ್ಟಿ ಇಳಿಸಿ, ಗಂಟೆಗೊಮ್ಮೆ ನೀರಿನ ಮಟ್ಟ ಬರೆದಿಡುವುದು. ಚರಂಡಿಯ ನೀರು ಹಾಕಲೇಬಾರದು, ಅದು ಪಕ್ಕದವರ ಕುಡಿಯುವ ನೀರಿಗೆ ಸೇರುತ್ತದೆ. ಚಾಚಾರ ಎರಡು ಖಾಲಿ ಬೋರ್‌ಗಳಲ್ಲಿ ಹೀಗೆ ಮಾಡಿ ನೋಡಿದೆವು. ಮೊದಲನೆಯದರಲ್ಲಿ ಮರುದಿನ ಬೆಳಗ್ಗೆ ನೀರು ಹೆಚ್ಚುಕಡಿಮೆ ಹಾಗೇ ನಿಂತಿತ್ತು. ಅಲ್ಲಿ ಬಂಡೆಯ ಬಾಯಿ ಮುಚ್ಚಿದೆ. ಎರಡನೆಯದರಲ್ಲಿ ಮಗ್ರಿಬ್ ಹೊತ್ತಿಗೆ ತುಂಬಿದ ನೀರು ಫಜ್ರ್ ಹೊತ್ತಿಗೆ ದಾರಕ್ಕೆ ಸಿಗಲಿಲ್ಲ. ಅಲ್ಲಿ ಬಿರುಕು ಇದೆ, ತೆರೆದಿದೆ, ಅದರಲ್ಲಿ ನೀರಿರಲಿಲ್ಲ ಅಷ್ಟೇ. ಈಗ ಚಾವಣಿಯ ಮಳೆನೀರನ್ನು ಸೋಸಿ ಅದಕ್ಕೆ ಬಿಡಲು ಚಾಚಾ ಪೈಪ್ ಹಾಕಿಸುತ್ತಿದ್ದಾರೆ. ಮೊದಲನೆಯದರ ಬಾಯಿಗೆ ಕ್ಯಾಪ್ ಹಾಕಿ ವೆಲ್ಡ್ ಮಾಡಿಸಿದರು.

ನನಗೆ ಬೇಸರ ತಂದದ್ದು ಇನ್ನೊಂದು. ಮೂರೂ ಬೋರ್ ಕೊರೆಯುವಾಗ ಎಷ್ಟು ಅಡಿಯಲ್ಲಿ ಗ್ಯಾಪ್ ಸಿಕ್ಕಿತು, ಯಾವ ಬಣ್ಣದ ಪುಡಿ ಬಂತು ಎಂದು ಯಾರೂ ಬರೆದಿಟ್ಟಿಲ್ಲ. ಬಿಲ್ಲಿನಲ್ಲಿ ಒಟ್ಟು ಅಡಿ ಮತ್ತು ಒಟ್ಟು ಹಣ ಮಾತ್ರ ಇದೆ. ಎರಡು ಲಕ್ಷ ಖರ್ಚಿಗೆ ಎರಡು ಸಾಲಿನ ಎಂಟ್ರಿ. ನಿಮ್ಮ ಮನೆಯಲ್ಲಿ ಬೋರ್‌ವೆಲ್ ಕೊರೆಸುವಾಗ ಒಂದು ನೋಟ್‌ಬುಕ್ ಹಿಡಿದು ಲಾರಿಯ ಪಕ್ಕ ನಿಲ್ಲಿ, ಪ್ರತಿ ರಾಡ್ ಇಳಿದಾಗಲೂ ಒಂದು ಸಾಲು ಬರೆಯಿರಿ. ಪಕ್ಕದ ಹೊಲದವರಿಗೂ ಅದು ಬೇಕಾಗುತ್ತದೆ.

ಸೈನ್ಸ್ ವಿಭಾಗದವರಿಗೂ ನಮ್ಮವರಿಗೂ ಒಂದು ಲೆಕ್ಕ. ಮೇಲೆ ಹೇಳಿದ ವೇಗಗಳನ್ನೇ ಹಿಡಿಯಿರಿ: ಬಂಡೆಯಲ್ಲಿ ಪಿ ತರಂಗ ಸೆಕೆಂಡಿಗೆ 5,500 ಮೀಟರ್, ಬಾವಿಯಲ್ಲಿ ಟ್ಯೂಬ್ ತರಂಗ 1,430 ಮೀಟರ್. 20 ಮೀಟರ್ ಆಳದಲ್ಲಿರುವ ಹೈಡ್ರೋಫೋನ್ ಮೊದಲ ಸದ್ದನ್ನು 3.6 ಮಿಲಿಸೆಕೆಂಡಿಗೆ, ಎರಡನೆಯದನ್ನು 47.7 ಮಿಲಿಸೆಕೆಂಡಿಗೆ ಕೇಳಿತು. ಬಿರುಕು ಹೈಡ್ರೋಫೋನಿಗಿಂತ ಕೆಳಗಿದೆ. ಎಷ್ಟು ಮೀಟರ್ ಆಳದಲ್ಲಿ? ಉತ್ತರವನ್ನು ಕಾಮರ್ಸ್ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇನೆ, ಲೆಕ್ಕ ಮಾಡಿದ ಮೇಲೆ ನೋಡಿ.